ನಾರ್ಮಲ್ ಯಾರಾದರೂ ಒಬ್ಬರು

ಜೂನ್ ೧೨, ಶುಕ್ರವಾರ

ಎರಡು ಹೆರಿಗೆ, ಒಂದು ಗರ್ಭಕೋಶದ ಆಪರೇಷನ್. ಕೊನೆಯ ಹೊಲಿಗೆ ಹಾಕುವಾಗ ಕಣ್ಣು ಮಂಜಾಯಿತು. ಟೇಬಲ್‌ಗೆ ಒರಗಿ ನಿಂತೆ. ಸಿಸ್ಟರ್ ನೋಡಿಯೂ ನೋಡದವಳಂತಿದ್ದಳು. ತಿಂಡಿ ಬಿಟ್ಟಿದ್ದಕ್ಕೇ ಇರಬೇಕು.

ಸಂಜೆ ನಾದಿನಿಯ ಫೋನ್. ಗುರುವಾರ ಅವಳ ಗರ್ಭಕೋಶದ ಗಡ್ಡೆಯ ಆಪರೇಷನ್. ನಾನೇ ಮಾಡಬೇಕಂತೆ, ಇಲ್ಲದಿದ್ದರೆ ಗಡ್ಡೆ ಇಟ್ಟುಕೊಂಡೇ ಮುದುಕಿಯಾಗುತ್ತಾಳಂತೆ. ಇವರು ಪಕ್ಕದಲ್ಲಿ ಕೂತು ನಗುತ್ತಿದ್ದರು. ತಂಗಿಯ ಹಟ ಗೊತ್ತಲ್ಲ.

ನಾಳೆ, ನಾಡಿದ್ದು ಸಿಎಂಇ, ಡಾಕ್ಟರುಗಳಿಗೇ ನಡೆಸುವ ಪಾಠ. ಲೈಸೆನ್ಸ್ ನವೀಕರಣಕ್ಕೆ ಪಾಯಿಂಟ್ ಕಡಿಮೆ ಬಿದ್ದಿದೆ. ವಿಷಯ ಅಟಾನಮಿಕ್ ನರಗಳ ಕಾಯಿಲೆ — ನಮ್ಮನ್ನು ಕೇಳದೆ ಬಿಪಿ, ಬೆವರು, ಎದೆಬಡಿತ ನೋಡಿಕೊಳ್ಳುವ ನರಗಳು. ಹೆರಿಗೆ ಡಾಕ್ಟರಿಗೆ ಇದರ ಗೊಡವೆ ಏಕೆ? ಹಿಂದಿನ ಸಾಲಿನಲ್ಲಿ ಕೂತು ನಿದ್ದೆ ತೆಗೆಯಬಹುದು.

ಜೂನ್ ೧೩, ಶನಿವಾರ, ಸಂಜೆ ೬

ಪಾಠ ಹೇಳಿದವನು ನಮ್ಮ ಆಮೆ. ಹೌಸ್ ಸರ್ಜನ್ ಆಗಿ ನನ್ನ ಕೈಕೆಳಗಿದ್ದಾಗ ಒಂದು ಗಂಟು ಹಾಕಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ, ಹೆಸರಿಟ್ಟವಳು ನಾನೇ. ಈಗ ನರರೋಗದ ಪ್ರೊಫೆಸರ್. ಕೂದಲು ಅರ್ಧ ಹೋಗಿದೆ. ಪಾಠ ಮಾತ್ರ ಚೆನ್ನಾಗಿ ಮಾಡಿದ, ನಿದ್ದೆ ಬರಲಿಲ್ಲ. ರೋಗಿಯನ್ನು ನಿಲ್ಲಿಸಿ ಬಿಪಿ ನೋಡುವವರು ಕೈಯೆತ್ತಿ ಎಂದ. ನಲವತ್ತು ಜನರಲ್ಲಿ ಒಂದೆರಡು ಕೈ. ನನ್ನದಿಲ್ಲ.

ಊಟದ ನಂತರ ಪ್ರಾತ್ಯಕ್ಷಿಕೆ. ನಾರ್ಮಲ್ ಯಾರಾದರೂ ಒಬ್ಬರು ಬನ್ನಿ ಎಂದ. ಯಾರೂ ಅಲ್ಲಾಡಲಿಲ್ಲ. ಹಳೆಯ ಶಿಷ್ಯನ ಮರ್ಯಾದೆ ಕಾಯೋಣವೆಂದು ನಾನೇ ಹೋಗಿ ಮಲಗಿದೆ. ಎದೆಗೆ ತಂತಿ ಅಂಟಿಸಿದರು. ಆಳವಾಗಿ ಉಸಿರೆಳೆದರೆ ಬಡಿತ ಏರಬೇಕು, ಬಿಟ್ಟರೆ ಇಳಿಯಬೇಕು. ಎಳೆದೆ, ಬಿಟ್ಟೆ, ಎಳೆದೆ... ಪರದೆಯ ಮೇಲೆ ನನ್ನ ಗೆರೆ ಮಟ್ಟಸ. ಆಮೆ ಒಂದು ಕ್ಷಣ ನೋಡಿದ. ಎಲೆಕ್ಟ್ರೋಡ್ ಸರಿಯಾಗಿ ಅಂಟಿಲ್ಲ ಎಂದು ಎಲ್ಲರಿಗೂ ಹೇಳಿ ಇನ್ನೊಬ್ಬರನ್ನು ಕರೆದ.

ಟೀ ಹೊತ್ತಿಗೆ ಮೂಲೆಗೆ ಕರೆದುಕೊಂಡು ಹೋದ.

"ಎಲೆಕ್ಟ್ರೋಡ್ ಸರಿಯಾಗೇ ಇತ್ತು ಮೇಡಂ. ಶುಗರ್ ಎಷ್ಟು ವರ್ಷದಿಂದ?"

ಹದಿನಾಲ್ಕು ಎಂದೆ. ಹಳೆಯ ಶುಗರ್ ಈ ನರಗಳನ್ನೇ ತಿನ್ನುತ್ತದೆ ಎಂದು ಬೆಳಗ್ಗೆ ಪಾಠದಲ್ಲಿ ಹೇಳಿದ್ದ. ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂದು ಕೇಳಿದ. ನಿನಗೆ ಎಲ್ಲದರಲ್ಲೂ ಅನುಮಾನ ಎಂದು ಗದರಿ ಬಂದೆ.

ಅದೇ ದಿನ, ೭.೩೦

ಇವರ ಕೈಯಲ್ಲಿ ಬಿಪಿ ನೋಡಿಸಿದೆ. ಮಲಗಿದಾಗ ೧೩೮. ನಿಂತಾಗ ೯೮. ಬಿಪಿ ಬಿದ್ದ ಕೂಡಲೇ ಓಡಬೇಕಾದ ನಾಡಿ ಇದ್ದಲ್ಲೇ ಇದೆ. ಮೆಷಿನ್ ಕೆಟ್ಟಿದೆ ಎಂದರು. ಎಲ್ಲರಿಗೂ ಮೆಷಿನ್ನೇ ಕೆಡುವುದು.

ಹೆದರಿಕೆಯಾಗುತ್ತಿದೆ. ನಾದಿನಿಯ ಹೊಟ್ಟೆ ತೆರೆದಿಟ್ಟುಕೊಂಡು ನಾನು ಕುಸಿದರೆ?

ಜೂನ್ ೧೪, ಭಾನುವಾರ

ಹೋಗಬಾರದು ಅಂದುಕೊಂಡಿದ್ದೆ. ಹೋದೆ. ಒಂದೇ ಕೊರೆತ — ಮಟ್ಟಸ ಗೆರೆ ಕಂಡರೆ ಎಲೆಕ್ಟ್ರೋಡ್ ಸಡಿಲ ಎಂದು ಕಲಿತು ನಲವತ್ತು ಡಾಕ್ಟರು ಮನೆಗೆ ಹೋಗುತ್ತಾರೆ. ನನ್ನ ಮುಖ ಉಳಿಸಲು ಆಮೆ ಹೇಳಿದ ಸುಳ್ಳು ಅದು. ಕುರ್ಚಿ ಹಿಡಿದು ಎದ್ದೆ. ನಿನ್ನೆಯ ಗ್ರಾಫ್ ಹಾಕು, ಅದು ಸರಿಯಾಗಿಯೇ ಇದೆ ಎಂದೆ. ಬೇಡ ಎಂಬಂತೆ ನೋಡಿದ. ಆಮೇಲೆ ಹಾಕಿದ.

ಮುಂದಿನ ಸಾಲಿನಲ್ಲಿದ್ದ ಒಬ್ಬಳು, ಸಣ್ಣ ಕ್ಲಿನಿಕ್ ಇಟ್ಟುಕೊಂಡವಳಂತೆ, ಪಾಠದಲ್ಲಿ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದಳು.

"ಏನು ಕೆಲಸ ಮಾಡ್ತೀರಿ ಮೇಡಂ?"

"ಆಪರೇಷನ್. ಗಂಟೆಗಟ್ಟಲೆ ನಿಂತಿರ್ತೀನಿ."

"ಹಾಗಾದ್ರೆ ಸದ್ಯಕ್ಕೆ ಬಿಡ್ಬೇಕಾಗತ್ತೆ."

ಅಷ್ಟು ಮೆಲ್ಲಗೆ ಹೇಳಿದ್ದರಿಂದಲೇ ಅಳು ಬಂತು.

ಆಮೆ ನಾನು ನುಂಗುತ್ತಿದ್ದ ಬಿಪಿ ಮಾತ್ರೆ ಬದಲಿಸಿದ. ಕಾಲಿಗೆ ಬಿಗಿ ಸಾಕ್ಸ್, ಜಾಸ್ತಿ ನೀರು, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ. ಆಮೇಲೆ ಆಪರೇಷನ್ ಮಾಡಬಹುದೇ ಎಂದೆ. ಗೊತ್ತಿಲ್ಲ ಮೇಡಂ ಎಂದ. ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ.

ಜೂನ್ ೧೬, ಮಂಗಳವಾರ

ಹೇಳಿದೆ. ನಾದಿನಿ ಮೊದಲು ನಂಬಲಿಲ್ಲ, ಆಮೇಲೆ ಜಗಳಕ್ಕೇ ನಿಂತಳು. ಕೊನೆಯ ಗಳಿಗೆಯಲ್ಲಿ ಕೈಬಿಟ್ಟಿರಿ ಎಂದಳು. ನನ್ನ ಜೊತೆ ಎಂಟು ವರ್ಷ ಕೆಲಸ ಮಾಡಿದ ಹುಡುಗಿ ಮಾಡುತ್ತಾಳೆ ಎಂದೆ. ಬೇಡವೇ ಬೇಡ. ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ನಿಮಗೆ ಏನೂ ಆಗಲ್ಲ ತಾನೆ ಅತ್ತಿಗೆ?"

ಅವಳ ಗಡ್ಡೆ ಅವಳಿಗೇ ಮರೆತುಹೋಗಿತ್ತು. ಒಪ್ಪಿದಳು.

ಜೂನ್ ೧೮, ಗುರುವಾರ, ಬೆಳಗ್ಗೆ

ಥಿಯೇಟರ್ ಹೊರಗಿನ ಬೆಂಚು. ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಇವರು ಉಗುರು ಕಚ್ಚುತ್ತಿದ್ದಾರೆ. ಒಳಗೆ ಈಗ ಏನು ನಡೆಯುತ್ತಿದೆ ಎಂದು ನನಗೆ ಪ್ರತಿ ಹೆಜ್ಜೆಯೂ ಗೊತ್ತು, ಅದೇ ಕಷ್ಟ. ಪಕ್ಕದ ಹೆಂಗಸು, ಒಳಗಿರುವ ಡಾಕ್ಟರು ಹೇಗೆ ಎಂದು ಕೇಳಿದಳು. ಕೈ ಚೆನ್ನಾಗಿದೆ ಎಂದೆ. ಹೇಳುವಾಗ ಹೊಟ್ಟೆಕಿಚ್ಚಾಯಿತು, ನಿಜ.

ಬಾಗಿಲು ತೆರೆಯಿತು. ಮುಖದಲ್ಲಿ ಏನೂ ತೋರಿಸಬೇಡ, ಮನೆಯವರನ್ನು ಕೂರಿಸಿ ಆಮೇಲೆ ಹೇಳು ಎಂದು ಈ ಹುಡುಗಿಗೆ ಬಡಿದುಕೊಂಡು ಕಲಿಸಿದ್ದೇನೆ. ಮಾಸ್ಕ್ ಇಳಿಸಿದಳು. ನಗುತ್ತಿದ್ದಾಳೆ, ಪೆದ್ದಿ. ಇವರು ಆಗಲೇ ಓಡಿದರು. ನಾನೂ ಹೋಗಬೇಕು. ಮೊದಲು ಕಾಲೂರಿ, ಬೆಂಚು ಹಿಡಿದು, ಒಂದು ಉಸಿರು —