ಭಾನುವಾರದ ಶಾಲು

ಭದ್ರಾವತಿ, ಗುರುವಾರ

ಚಿರಂಜೀವಿ ವಿಷ್ಣುಪ್ರಸಾದನಿಗೆ ಕೃಷ್ಣಪ್ಪನ ಆಶೀರ್ವಾದ.

ಭಾನುವಾರ ಹೊಸಮನೆ ಬಡಾವಣೆಯಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡುವ ಸಮಾರಂಭದ ಆಹ್ವಾನ ಪತ್ರಿಕೆ ತಲುಪಿತು. ಆಹಾ, ಎಂಥ ದಪ್ಪ ಅಕ್ಷರದಲ್ಲಿ ನನ್ನ ಹೆಸರು! ನಮ್ಮ ತಂಡ ಸ್ಪೇನಿನ ನಾಟಕೋತ್ಸವಕ್ಕೆ ಹೊರಟಿದೆ; ಹೋಗುವವರ ಪಟ್ಟಿಯಲ್ಲಿ ಮಾತ್ರ ಆ ಹೆಸರಿಲ್ಲ. ನನ್ನ ರಾಜನ ಪಾತ್ರ ನಿನ್ನ ಅಳಿಯ ನಿಶಾಂತನಿಗೆ ಹೋಯಿತು. "ನಿಮಗೆ ವಯಸ್ಸಾಯ್ತು ಮಾರಾಯ್ರೇ, ಅಷ್ಟು ದೂರದ ವಿಮಾನ ಪ್ರಯಾಣ ದೇಹ ತಡೆಯಲ್ಲ" ಅಂದೆಯಲ್ಲ, ಯಾವ ಡಾಕ್ಟರನ್ನು ಕೇಳಿದ್ದೆ?

ರಾಜನ ಕೊನೆಯ ಮಾತು ಸ್ಪ್ಯಾನಿಷಿನಲ್ಲೇ ಇರಬೇಕೆಂದು ನಿರ್ದೇಶಕನಾದ ನೀನು ಹಠ ಹಿಡಿದಾಗ, ಎರಡು ತಿಂಗಳು ಕೂತು ಒಂದೊಂದು ಪದವನ್ನೂ ಉಚ್ಚಾರದ ತುಂಡುಗಳಾಗಿ ಬಿಡಿಸಿದವನು ನಾನು. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ. ಎರಡಿದ್ದರೆ ಸಾಮಾನ್ಯವಾಗಿ ಆಚೆಗೊಂದು, ಈಚೆಗೊಂದು. ಇಡೀ ತಂಡಕ್ಕೆ ಚಪ್ಪಾಳೆ ತಟ್ಟಿ ತಟ್ಟಿ ಕಲಿಸಿದೆ.

ನಿನ್ನೆ ನಿಶಾಂತ ಫೋನಿನಲ್ಲಿ ಆ ಮಾತು ಒಪ್ಪಿಸಿದ. ಸಹೋದರ ಎಂಬ ಪದವನ್ನು ನಮ್ಮ ಒತ್ತಕ್ಷರದ ಹಾಗೆ "ಎ-ರ್ಮಾ-ನೋ" ಎಂದು ಕಡಿಯುತ್ತಾನೆ. ಅದು "ಎರ್-ಮಾ-ನೋ". ಹೀಗೇ ಹೋದರೆ ರಾಜ ಸಾಯುವಾಗ ಅಲ್ಲಿಯವರು ನಕ್ಕಾರು. ನಾಳೆ ಬೆಳಿಗ್ಗೆ ಹತ್ತಕ್ಕೆ ಅವನನ್ನು ಇಲ್ಲಿಗೆ ಕಳಿಸು. ತಿದ್ದುತ್ತೇನೆ. ಅವನಿಗಾಗಿ ಅಲ್ಲ, ಆ ರಾಜನನ್ನು ಸಾಕಿದವನು ನಾನು.

ಸನ್ಮಾನಕ್ಕೆ ಬರುವುದಿಲ್ಲ. ಸ್ಪೇನಿನಲ್ಲಿ ಈಗ ಚಳಿಯಂತೆ. ಆ ಶಾಲನ್ನು ಅಳಿಯನಿಗೇ ಹೊದಿಸು.

ಇಂತಿ,
ಮೂವತ್ತು ವರ್ಷ ನಿನ್ನ ರಾಜನಾಗಿದ್ದ
ಕೃಷ್ಣಪ್ಪ