ಎರಡು ತಾರೀಖಿನ ಮದುವೆ

ರಿಚ್ಮಂಡ್ ಹಿಲ್, ನ್ಯೂಯಾರ್ಕ್
ಜನವರಿ ೨೩

ಪ್ರೀತಿಯ ಸುಮಿಂತ್ರಾ ದೀದಿಗೆ ನಿನ್ನ ತಂಗಿ ಬಸ್ಮತಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. "ಅಪ್ಪನ ತಿಥಿಗೂ ಬರಲಿಲ್ಲ, ನಿನಗೆ ಅಮೆರಿಕದ ಗಾಳಿ ಬಡಿದಿದೆ" ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಪೆನ್ನು ಹಿಡಿಯುವ ಮನಸ್ಸೇ ಆಗಲಿಲ್ಲ. ಚಿಕ್ಕಪ್ಪನ ಮಗಳ ಮದುವೆ ನೋಡಲು ಆರು ತಿಂಗಳ ವೀಸಾದಲ್ಲಿ ಬಂದವಳು ಹತ್ತು ವರ್ಷ ಇಲ್ಲೇ ಉಳಿದೆ. ಹಾಗೆ ಉಳಿದವರು ಕಾಯಂ ವಾಸದ ಕಾರ್ಡು ಸಿಗುವ ಮೊದಲು ಹೊರಗೆ ಕಾಲಿಟ್ಟರೆ ಮತ್ತೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ. ಅಪ್ಪ ತೀರಿಕೊಂಡ ದಿನವೂ ನಾನು ಕೆಲಸದ ಮನೆಯಲ್ಲಿ ಯಾರದೋ ಅಪ್ಪನಿಗೆ ಸೂಪು ಕುಡಿಸುತ್ತಿದ್ದೆ. ಇದು ನಿನಗೆ ಗೊತ್ತಿರಲಿ.

ಹರ್ದತ್ ಇಲ್ಲಿಯ ಪ್ರಜೆಯಾದ್ದರಿಂದ ಹೆಂಡತಿಯ ಲೆಕ್ಕದಲ್ಲಿ ನನಗೆ ಕಾರ್ಡು ಕೇಳಿ ಅರ್ಜಿ ಹಾಕಿದ್ದ. ನಾನು ಅವನನ್ನು ಮದುವೆಯಾದಾಗ "ನಮ್ಮ ಬೇಲಿಯಾಚೆ ಮನೆಯ ಹುಡುಗನೇ ಅಲ್ಲೂ ಸಿಕ್ಕಿದ, ಪುಣ್ಯ ಮಾಡಿದ್ದೀಯ" ಎಂದು ಫೋನಿನಲ್ಲಿ ಹಿಗ್ಗಿದವಳು ನೀನೇ ತಾನೆ? ಸಂದರ್ಶನದ ದಿನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಇಬ್ಬರೂ ಹೋದೆವು. ಕನ್ನಡಕದ ಅಧಿಕಾರಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ಮದುವೆ ಯಾವಾಗ ಆಯಿತು ಎಂದು ಕೇಳಿದ. ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಪಂಡಿತರು ಬಿದಿರಿನ ಚಪ್ಪರದಡಿ ನಮಗೆ ಗಂಟು ಹಾಕಿದ ದಿನವನ್ನು ನಾನು ಹೇಳಿದೆ. ಅವನು ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ ದಿನ ಹೇಳಿದ. ನಡುವೆ ಎರಡು ವರ್ಷ! ನಮ್ಮ ಊರಿನಲ್ಲಿ ಚಪ್ಪರ ಬಿಟ್ಟು ಬೇರೆ ದಿನ ಯಾರಿಗೆ ನೆನಪಿರುತ್ತದೆ? ಅಪ್ಪ ಅಮ್ಮ ಮದುವೆಯ ಕಾಗದಕ್ಕೆ ಸಹಿ ಹಾಕಿದ್ದೇ ನಿನ್ನನ್ನು ಶಾಲೆಗೆ ಸೇರಿಸುವಾಗ.

"ಮದುವೆ ದಿನದಲ್ಲಿ ಎರಡು ವರ್ಷ ಹೆಚ್ಚುಕಮ್ಮಿ ಆಗುತ್ತೇನ್ರಿ?" ಎಂದ ಅಧಿಕಾರಿ.

"ಮೊದಲನೇದು ದೇವರಿಗೆ ಸಾರ್, ಎರಡನೇದು ಸರ್ಕಾರಕ್ಕೆ" ಎಂದೆ.

ಅವನು ನಗಲಿಲ್ಲ. ನಮ್ಮನ್ನು ಬೇರೆ ಬೇರೆ ಕೂರಿಸಿ, ಒಬ್ಬರ ವಿಷಯವನ್ನು ಇನ್ನೊಬ್ಬರಿಂದ ಕೇಳಿದ. ನಮ್ಮ ನಮ್ಮ ವಿಷಯವನ್ನೂ ಕೇಳಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಅಲ್ಲಿ ಬೇಕು. ಹರ್ದತ್ ಯಾವ ಮಗ್ಗುಲಿಗೆ ಮಲಗುತ್ತಾನೆ, ಯಾವ ಕಿವಿ ಮಂದ, ಎಲ್ಲ ಹೇಳಿ ನಾನು ಸಲೀಸಾಗಿ ಹೊರಗೆ ಬಂದೆ. ಅವನು ಬೆವರು ಒರೆಸುತ್ತ ಬಂದ.

ವಾರ ಕಳೆದು ನಮ್ಮ ಅರ್ಜಿ ನೋಡಿಕೊಳ್ಳುವ ವಕೀಲೆ ನನ್ನನ್ನು ಕರೆಸಿ ತರಾಟೆಗೆ ತೆಗೆದುಕೊಂಡಳು. "ನಿಮ್ಮ ಗಂಡ ಹೇಳಿದ್ದು ಒಂದೂ ನಿಮ್ಮದಕ್ಕೆ ತಾಳೆ ಆಗ್ತಿಲ್ಲ. ಸುಳ್ಳು ಮದುವೆಯವರೂ ಇದಕ್ಕಿಂತ ಚೆನ್ನಾಗಿ ಓದ್ಕೊಂಡ್ ಬರ್ತಾರಮ್ಮ! ಮತ್ತೆ ಕರೆದಿದಾರೆ. ಈ ಸಲ ಎಡವಿದ್ರೆ ಗಡೀಪಾರೇ."

ಮನೆಗೆ ಬಂದು ನಾನು ಸುಮ್ಮನಿರಲಿಲ್ಲ. "ಇಷ್ಟು ವರ್ಷ ಎದುರಿಗೆ ಕೂತು ಉಂಡಿದೀಯ. ನನ್ನ ತಟ್ಟೇಲಿ ಏನಿರುತ್ತೆ ಅಂತ ಒಂದು ದಿನ ನೋಡ್ಲಿಲ್ವಾ?"

"ಗಾಬರಿ ಆಯ್ತು ಕಣೇ. ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದ. ತಲೆ ಎತ್ತಲಿಲ್ಲ.

ಎರಡನೆಯ ಸಲ ಅಧಿಕಾರಿ ಮೊದಲು ನನ್ನನ್ನು ಒಬ್ಬಳನ್ನೇ ಒಳಗೆ ಕರೆದು, ಹರ್ದತ್‌ನ ಉತ್ತರಗಳನ್ನು ಒಂದೊಂದಾಗಿ ಓದಿದ. "ಇದು ನೀವಾ? ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

"ನಾನೇ ಸಾರ್" ಎಂದೆ. "ಭಯಕ್ಕೆ ಏನೇನೋ ಹೇಳ್ದೆ. ಅವರು ಹೇಳಿದ್ದೇ ಸರಿ." ಅಷ್ಟಕ್ಕೇ ನಿಲ್ಲಿಸದೆ ಪ್ರತಿಯೊಂದಕ್ಕೂ ಹಿಂದಿನ ಕಥೆಯನ್ನೂ ಸೇರಿಸಿದೆ. ಚಿಕ್ಕವಳಿದ್ದಾಗ ಏನಾಗಿತ್ತು, ಅಮ್ಮ ಏನೆಂದು ಗದರುತ್ತಿದ್ದಳು, ಎಲ್ಲ. ಕೇಳುತ್ತ ಕೇಳುತ್ತ ಅವನ ಮುಖ ಸಡಿಲವಾಯಿತು. "ನಿಮ್ಮ ಗಂಡ ನಿಮ್ಮನ್ನ ತುಂಬ ಚೆನ್ನಾಗಿ ಗಮನಿಸಿದಾರೆ" ಎಂದ. ಹೌದು ಸಾರ್ ಎಂದೆ.

ಹೋದ ವಾರ ಕಾರ್ಡು ಬಂತು. ಹರ್ದತ್ ಬೀದಿಯವರಿಗೆಲ್ಲ ಸಿಹಿ ಹಂಚಿದ. ಫಗ್ವಾ ಬಣ್ಣದ ಹಬ್ಬಕ್ಕೆ ಊರಿಗೆ ಇಬ್ಬರಿಗೂ ಟಿಕೆಟು ತೆಗೆಸಿ, ಬಿಳಿ ಅಂಗಿ ಹೊಲಿಸಿಕೊಂಡಿದ್ದಾನೆ. ಮಕ್ಕಳಿಗೆ ಬೂಟು ತರುತ್ತೇನೆ, ಅಳತೆ ತಿಳಿಸು. ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ನೂರು ವರ್ಷ ಬಾಳಲಿ, ಯಾರ ಬಾಗಿಲಲ್ಲೂ ಕಾಯುವ ಗತಿ ಅವರಿಗೆ ಬಾರದಿರಲಿ.

ನಿನ್ನ ತಂಗಿ,
ಬಸ್ಮತಿ

ಮರೆತ ಮಾತು: ಹರ್ದತ್ ಅಲ್ಲಿ ಏನು ಹೇಳಿದ್ದ ಎಂದು ಬರೆಯಲೇ ಇಲ್ಲ. ಅವನ ಹೆಂಡತಿ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲವಂತೆ, ಹಿಂದಿನ ದಿನದ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನುತ್ತಾಳಂತೆ. ಕುಂಬಳಕಾಯಿ ಮುಟ್ಟುವುದಿಲ್ಲವಂತೆ. ಕಪ್ಪೆ ಕಂಡರೆ ಬೆಂಚು ಹತ್ತುತ್ತಾಳಂತೆ. ಬಟ್ಟೆ ಒಗೆಯುವಾಗ ಒಂದೇ ಹಾಡಿನ ಮೊದಲ ಸಾಲನ್ನು ಮತ್ತೆ ಮತ್ತೆ ಗುನುಗುತ್ತಾಳಂತೆ, ಮುಂದಿನದು ಬರುವುದಿಲ್ಲವಂತೆ. ಅಧಿಕಾರಿ ಓದುತ್ತ ಹೋದಂತೆ ನೀನೇ ಬಂದು ನನ್ನೆದುರು ನಿಂತ ಹಾಗಾಯಿತು ದೀದಿ. ಕಪ್ಪೆಯನ್ನು ಕೈಯಲ್ಲಿ ಹಿಡಿದು ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದವಳು ನಾನು. ಬೇಲಿಯಾಚೆ ನಿಂತವನು ನನ್ನನ್ನು ನೋಡಲೇ ಇಲ್ಲ. ನಿನಗೆ ಇದು ಗೊತ್ತಿತ್ತೋ ಇಲ್ಲವೋ, ನನಗೆ ಬರೆಯಬೇಡ. ಹಬ್ಬದ ವಾರ ಭಾವನ ತಂಗಿಯ ಮನೆಗೆ ಹೋಗಿಬಿಡು. ನಾವು ಹೊರಟ ಮೇಲೆ ಬಾ.