ಬಾಣಂತಿ ಕೋಣೆಯ ಹಸಿ ಗೋಡೆ

ಅರಸೀಕೆರೆ
೧೦ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ರಾಯಚೂರಿನ ಬಿಸಿಲಿನಲ್ಲಿ ಬ್ಯಾಂಕಿಗೆ ನಡೆದು ಹೋಗುವಾಗ ಕೊಡೆ ಹಿಡಿಯುತ್ತೀರೋ ಇಲ್ಲವೋ? ಬಿ.ಪಿ. ಮಾತ್ರೆ ತಪ್ಪಿಸಬೇಡಿ, ಈ ಕಾಗದ ಓದುವ ಮುಂಚೆಯೇ ನುಂಗಿಬಿಟ್ಟರೆ ಇನ್ನೂ ಒಳ್ಳೆಯದು. ಫೋನಿರುವಾಗ ಕಾಗದವೇಕೆ ಎನ್ನಬೇಡಿ. ಫೋನಿನಲ್ಲಿ ನಾನು ಗೋಡೆಯ ಸುದ್ದಿ ಎತ್ತಿದರೆ ಸಾಕು, "ಆಯ್ತಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಕೈಗೆ ಬಂದ ಕಾಗದವನ್ನು ಪೂರ್ತಿ ಓದದೆ ಬದಿಗಿಡುವ ಅಭ್ಯಾಸ ಮಾತ್ರ ನಿಮಗಿಲ್ಲ.

ನನಗೆ ಸಿಟ್ಟು ಬಂದಿದೆ ಅಪ್ಪಾ. ಸಣ್ಣ ಸಿಟ್ಟಲ್ಲ. ಆಷಾಢ ಬಂದರೆ ಮುಹೂರ್ತವಿಲ್ಲ, ಮಗಳ ಚೊಚ್ಚಲ ಬಾಣಂತನ ಬಾಡಿಗೆ ಮನೆಯಲ್ಲಿ ಆಗಕೂಡದು ಎಂದು ನೀವು ಓಡಾಡಿದ ಓಟ ನನಗೆ ಗೊತ್ತು. ಅದು ನನ್ನ ಮೇಲಿನ ಪ್ರೀತಿಗೇ, ಇಲ್ಲ ಎನ್ನುವುದಿಲ್ಲ. ಆದರೆ ಗಾರೆ ಆರುವ ಮುಂಚೆ ಪುಟ್ಟಿ ಬಳಿಸಿದಿರಿ, ಪುಟ್ಟಿ ಆರುವ ಮುಂಚೆ ಬಣ್ಣ ಹೊಡೆಸಿದಿರಿ, ಬಣ್ಣದ ವಾಸನೆ ಹೋಗುವ ಮುಂಚೆ ಹಾಲು ಉಕ್ಕಿಸಿದಿರಿ. ನಾನಾದರೂ ಬಾಯಿ ಬಿಡಬೇಕಿತ್ತು, ಆದರೆ ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳ ಮಾತು ಯಾರು ಕೇಳುತ್ತಾರೆ? ಕೊಬ್ಬರಿ ಖರೀದಿ ಕೇಂದ್ರದಲ್ಲಿ ಕೂತು, ಎಂಥ ದೊಡ್ಡವರ ಚೀಲವಾದರೂ ತೇವ ಕಂಡರೆ ವಾಪಸ್ಸು ಕಳಿಸುವವಳು ನಾನು. ನಮ್ಮ ಸೀಮೆಯವರು ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷಗಟ್ಟಲೆ ಗಾಳಿಗೆ ಬಿಡುತ್ತಾರೆ. ಕಾಯಿಗೆ ಇರುವ ತಾಳ್ಮೆ ನಮಗೆ ಮನೆಯ ವಿಷಯದಲ್ಲಿ ಇರಲಿಲ್ಲ.

ಆ ಹಸಿ ಗೋಡೆಗಳ ನಡುವೆ ನನ್ನನ್ನೂ ಕೂಸು ಹಿತಾಳನ್ನೂ ಕೂರಿಸಿ ಬಾಗಿಲು ಹಾಕಿದ್ದಾಯಿತು. ಬಾಣಂತಿಗೆ ಗಾಳಿ ತಾಗಬಾರದು ಎಂದು ಅಮ್ಮ ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದ್ದಾಳೆ. ಕೋಣೆಗೆ ಹೊಂದಿಕೊಂಡ ಬಚ್ಚಲಿನಲ್ಲಿ ಹಂಡೆಗಟ್ಟಲೆ ನೀರು ಕಾಯುತ್ತದೆ, ಅದರ ಹಬೆಯೆಲ್ಲ ಒಳಕ್ಕೇ ಬರುತ್ತದೆ. ಹಸುಗೂಸಿನ ಬಟ್ಟೆ ಹೊರಗೆ ಹಾಕಿದರೆ ದೃಷ್ಟಿಯಾಗುತ್ತದಂತೆ, ಹಾಗಾಗಿ ಅದೂ ಕೋಣೆಯಲ್ಲೇ ಹಗ್ಗದ ಮೇಲೆ. ಬೆಳಗ್ಗೆ ಎದ್ದರೆ ಗೋಡೆ ಬೆವರಿರುತ್ತದೆ. ಬೀರು ತೆಗೆದರೆ ಮುಗ್ಗಲು ವಾಸನೆ. ಮೊನ್ನೆ ತೊಟ್ಟಿಲು ಸರಿಸಿದೆ, ಅದರ ಹಿಂದಿನ ಗೋಡೆಯ ತುಂಬ ಕಪ್ಪು ಬೂಷ್ಟು. ಮಗು ಅಷ್ಟು ದಿನ ಅದಕ್ಕೆ ಮುಖ ಮಾಡಿ ಮಲಗಿತ್ತು.

ಹಿತಾ ಹಾಲು ಕುಡಿಯುತ್ತ ಕುಡಿಯುತ್ತ ಬಿಟ್ಟುಬಿಡುತ್ತಾಳೆ ಅಪ್ಪಾ, ಉಸಿರು ಸಾಲದೆ. ಎದೆಯಲ್ಲಿ ಸುಯ್ ಎಂದು ಸದ್ದು. ಡಾಕ್ಟರ್ ಹೇಮಾಶ್ರೀ ಹತ್ತಿರ ತೋರಿಸಿದೆವು. "ಮಲಗೋ ಕೋಣೆಗೆ ಗಾಳಿ ಬರುತ್ತಾ?" ಎಂದು ಅವರು ಕೇಳಿದ್ದಕ್ಕೆ ನಮ್ಮಮ್ಮ ಹೆಮ್ಮೆಯಿಂದ, "ಒಂದು ಚೂರೂ ಬರಲ್ಲ ಡಾಕ್ಟ್ರೇ, ಅಷ್ಟು ಜೋಪಾನ" ಎಂದಳು. ಅವರು ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಬಿಸಿಲೇರಿದ ಮೇಲೆ ಎದುರುಬದುರು ಕಿಟಕಿ ತೆಗೆಯಿರಿ, ಬಟ್ಟೆ ಹೊರಗೆ ಒಣಗಿಸಿ, ಬಚ್ಚಲಿನ ಹಬೆ ಎಳೆದು ಹಾಕಲು ಫ್ಯಾನು ಕೂರಿಸಿ ಎಂದರು. ಮನೆಗೆ ಬಂದು ನಾನು ಕಿಟಕಿ ತೆಗೆದೆ. ಅಮ್ಮ ಮುಚ್ಚಿದಳು. ಮತ್ತೆ ತೆಗೆದೆ. ಅವಳು ನಿಮಗೆ ಫೋನ್ ಮಾಡಿದಳು. ನೀವೇನಂದಿರಿ? "ಹೊಸ ಗೋಡೆಗೆ ಫ್ಯಾನ್ ಕೂರಿಸೋಕೆ ತೂತು ಕೊರೀಬೇಕಾ? ನಾನು ಕಟ್ಟಿಸಿದ ಮನೇಲಿ ಏನೂ ತಪ್ಪಿಲ್ಲ." ಮೊಮ್ಮಗಳ ಎದೆಗಿಂತ ಗೋಡೆಯ ಮೈ ಹೆಚ್ಚಾಯಿತಲ್ಲ ನಿಮಗೆ! ನಾಮಕರಣದ ದಿನ ಅವಳನ್ನು ಎತ್ತಿಕೊಂಡು ಎಲ್ಲರೆದುರು ಕಣ್ಣೊರೆಸಿಕೊಂಡವರು ನೀವೇ ತಾನೆ?

ಅಷ್ಟಕ್ಕೇ ಸುಮ್ಮನಾದಿರಾ? ನಿನ್ನೆ ಬೆಳಗ್ಗೆ ಪೇಂಟರ್ ಉಗ್ರಪ್ಪ ಏಣಿ, ಬಕೆಟ್ಟು ಸಮೇತ ಕೋಣೆಯ ಬಾಗಿಲಿಗೆ ಬಂದು ನಿಂತ. "ಹೊಸ ಮನೆ ಅಂದ್ಮೇಲೆ ಬೆವರ್ತೈತೆ ಕಣವ್ವಾ. ವಾಟರ್‌ಪ್ರೂಫು ಒಂದ್ ಕೋಟು ಹೊಡೆದ್ರೆ ಏನೂ ಕಾಣಲ್ಲ. ಸಾಹೇಬ್ರು ಹೇಳವ್ರೆ" ಎಂದ. ಕಾಣದಿದ್ದರೆ ಸಾಕೇ ಅಪ್ಪಾ? ಮೇಲೆ ತಳುಕು, ಒಳಗೆ ಹುಳುಕು. ಉಸಿರಿಗೆ ಒದ್ದಾಡುವ ಕೂಸಿರುವ ಕೋಣೆಗೆ ಬಣ್ಣದ ಡಬ್ಬ ಕಳಿಸಿದಿರಿ. ಪಾಪ, ಅವನದೇನು ತಪ್ಪು, ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಕೂತು ಅತ್ತೆ. ಬೇಜಾರಿಗಲ್ಲ, ಸಿಟ್ಟಿಗೆ.

ನೀವು ಮಾಡಬೇಕಾದದ್ದು ಇಷ್ಟೇ. ರಜೆ ಹಾಕಿ ಬನ್ನಿ. ಬಚ್ಚಲಿಗೆ ಫ್ಯಾನು ಹಾಕಿಸಿ, ಬೂಷ್ಟು ಹಿಡಿದ ಕಡೆ ಬಣ್ಣ, ಪುಟ್ಟಿ ಎಲ್ಲ ಕೆರೆಸಿ ಗೋಡೆಯನ್ನು ಬರಿಮೈಯಲ್ಲಿ ಬಿಡಿ. ಬರುವ ಬೇಸಿಗೆ ಕಳೆಯುವವರೆಗೆ ಯಾರೂ ಕುಂಚ ಮುಟ್ಟಬಾರದು. ನೆಂಟರು ಏನಾದರೂ ಅಂದುಕೊಳ್ಳಲಿ.

ಸಿಟ್ಟಿದ್ದರೂ ನೀವು ನನ್ನ ಅಪ್ಪ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನನ್ನ ನಮಸ್ಕಾರ, ಇನ್ನೂ ಕೈ ಮುಗಿಯಲು ಬಾರದ ಹಿತಾಳದ್ದೂ ಸೇರಿಸಿ.

ನಿಮ್ಮ ಮಗಳು
ಆಶ್ರಿತಾ

ಆತುರದಲ್ಲಿ ಇನ್ನೊಂದು ಮಾತು: ನಿಮ್ಮ ಅಳಿಯ ವೇದಾಂತ್ ಕಾರು ತಂದಿದ್ದಾರೆ, ಗಂಡಸಿ ಊರಿನ ನಮ್ಮ ಅತ್ತೆ ಮನೆಗೆ ಹೊರಟಿದ್ದೇವೆ. ಎರಡನೇ ತಿಂಗಳಲ್ಲಿ ಬಾಣಂತಿ ತವರಿನ ಹೊಸಿಲು ದಾಟಬಾರದು ಎಂದು ಅಮ್ಮ ಬೆಳಗಿನಿಂದ ಅಡ್ಡ ನಿಂತಿದ್ದಳು. ನಾನು ಹಿತಾಳನ್ನು ಅವಳ ಕಿವಿಗೆ ಆನಿಸಿ ಹಿಡಿದೆ. ಆ ಸುಯ್ ಸದ್ದು ಕೇಳಿದವಳು ಹೊಸಿಲು ಬಿಟ್ಟು ಸರಿದಳು. ಆಮೇಲೆ ಒಳಗೆ ಹೋಗಿ ತನ್ನ ಸೀರೆಗಳನ್ನೂ ಚೀಲಕ್ಕೆ ತುಂಬಿಕೊಂಡು ಬಂದಳು. ಇನ್ನುಳಿದ ಬಾಣಂತನ ಬೀಗರ ಮನೆಯಲ್ಲೇ ಮಾಡುತ್ತಾಳಂತೆ. ಈಗ ಕಾರಿನಲ್ಲಿ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ: "ಗೋಡೆ ಒಣಗಿದ ಮೇಲೆ ಇನ್ನೊಂದು ಮುಹೂರ್ತ ನೋಡೋಕೆ ಹೇಳು ನಿಮ್ಮಪ್ಪನಿಗೆ. ಆಗಿರೋ ಗೃಹಪ್ರವೇಶ ಲೆಕ್ಕಕ್ಕಿಲ್ಲ."